ರಾಜನಿಗೊಂದು ಕಂಬಳಿ

ಪ್ರೀತಿಯ ಅಪ್ಪನಿಗೆ,

"ಕಿರೀಟ ಇಲ್ದೋನು ಯಾವ ಸೀಮೆ ರಾಜ?" ಅಂತ ನಗಬೇಡ. ನಾಟಕದಲ್ಲಿ ನೀನು ಕಿರೀಟವಿಟ್ಟು ಮೆರೆದ ಅದೇ ರಾಜನ ಸಿನಿಮಾಗೆ ಇಲ್ಲಿ ಬಟ್ಟೆ ಹೊಲಿಯುತ್ತಿದ್ದೇನೆ. ಯುದ್ಧದಲ್ಲಿ ಅವನ ತಲೆ ಮೇಲಿದ್ದದ್ದು ಬರೀ ಕಬ್ಬಿಣದ ಟೋಪಿ ಅಂತೆ. ಚರಿತ್ರೆಯಲ್ಲಿಲ್ಲದ ಒಂದು ಗುಂಡಿ ಹೊಲಿಯಲೂ ನಿರ್ದೇಶಕರು ಬಿಡುವುದಿಲ್ಲ.

ನಿನ್ನೆ ಹೀರೋ ಆ ವೇಷದಲ್ಲಿ, ಕೆಸರು ಮೆತ್ತಿಕೊಂಡು ಹೊರಬಂದರು. ಬಿಸಿಲಿಗೆ ಗೊಣಗುತ್ತ ಕೂತಿದ್ದ ಸೈನಿಕ ವೇಷದವರೆಲ್ಲ ಎದ್ದು ನಿಂತರು. ಯಾರೂ ಹೇಳಿರಲಿಲ್ಲ, ಕ್ಯಾಮೆರಾ ಕೂಡ ಓಡುತ್ತಿರಲಿಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ ನಾನೂ ಎದ್ದಿದ್ದೆ, ಅಪ್ಪಾ.

ಇನ್ನು ರಾಜ ಸಾಯುವ ದೃಶ್ಯ ಬಾಕಿ. ಅದರಲ್ಲಿ ಅವನಿಗೆ ಹೊದಿಸಲು ತಂದ ಹೊಸ ಕಂಬಳಿಯನ್ನು ಕಲ್ಲಿಗೆ ಎಷ್ಟು ಉಜ್ಜಿದರೂ ಹಳೆಯದಾಗುತ್ತಿಲ್ಲ. ಪರದೆಯ ಹಿಂದೆ, ಪ್ರವೇಶಕ್ಕೆ ಮೊದಲು ನೀನು ಹೊದ್ದು ಕೂರುತ್ತಿದ್ದೆಯಲ್ಲ, ಆ ಕಂಬಳಿ ಕಳಿಸು. ಅಮ್ಮ ತೊಳೆಯದಂತೆ ನೋಡಿಕೋ. ರಾಜನಿಗೆ ನಿನ್ನ ಬೆವರು ಬೇಕು.

ನಿನ್ನ ಮಗಳು