ಹನ್ನೆರಡು ನಿಮಿಷದ ರಜಾದಿನ

ಹಾಸ್ಟೆಲ್
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀ ಎಂದು ಕೇಳಿ ಶುರು ಮಾಡಬೇಕು. ಆದರೆ ನೀನು ಹೇಗಿದ್ದೀ ಎಂಬುದು ನನಗೆ ಗೊತ್ತಾಗಿಬಿಟ್ಟಿದೆ. ಸೋಮವಾರದಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯ್ತಾ, ನೆಗಡಿ ಹೋಯ್ತಾ ಎಂಬಲ್ಲಿಗೇ ಮಾತು ಮುಗಿಯಿತು. ಹೇಳಬೇಕಾದದ್ದನ್ನು ಹೇಳದೆಯೇ ಫೋನ್ ಇಟ್ಟೆ. ಅದಕ್ಕೇ ಈ ಕಾಗದ.

ಕೊನೆಯ ವರ್ಷದ ಸಾಕ್ಷ್ಯಚಿತ್ರಕ್ಕೆ ಮೇಷ್ಟ್ರು ಕೊಟ್ಟ ವಿಷಯ ‘ರಜಾದಿನ’, ಹನ್ನೆರಡು ನಿಮಿಷ. ಉಳಿದವರೆಲ್ಲ ಸಮುದ್ರ ತೀರ, ರೈಲು ನಿಲ್ದಾಣ ಎಂದು ಓಡಿದರು. ಸುಲಭ ಎಂದುಕೊಂಡು ನಾನು ನಮ್ಮ ಮನೆಯನ್ನೇ ಹಿಡಿದೆ. ಎಷ್ಟು ಸುಲಭ ಎಂದು ನೀನೇ ನೋಡಿದೆಯಲ್ಲ. ಕ್ಯಾಮೆರಾ ಕಂಡರೆ ಸಾಕು, ದೊಡ್ಡಪ್ಪ ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ ಉಸಿರು ಬಿಗಿಹಿಡಿಯುತ್ತಿದ್ದರು. ಚಿಕ್ಕಮ್ಮ ಒಂದೇ ಬೆಳಿಗ್ಗೆ ಮೂರು ಸಲ ಬಟ್ಟೆ ಬದಲಾಯಿಸಿದ್ದರಿಂದ ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ತಾಳೆಯೇ ಇಲ್ಲ. ಗುಂಯ್‌ಗುಡುತ್ತದೆ ಎಂದು ಫ್ರಿಜ್ ಆರಿಸಿ ಮರೆತು, ಎಲ್ಲರಿಗೂ ಐಸ್‌ಕ್ರೀಮನ್ನು ಲೋಟದಲ್ಲಿ ಕುಡಿಸಿದವಳು ನಾನು. ನಿನ್ನದೊಂದೇ ತಕರಾರಿಲ್ಲ. ಎದೆಯ ಹತ್ತಿರ ಸಿಕ್ಕಿಸಿದ ಚಿಕ್ಕ ಮೈಕನ್ನು ನೀನು ಮರೆತೇಬಿಟ್ಟೆ. ತೆಗೆಯಬೇಕೆಂಬುದನ್ನು ನಾನೂ ಮರೆತೆ.

ಸೋಮವಾರ ಎಡಿಟಿಂಗ್ ಕೋಣೆಯಲ್ಲಿ ನಾನು, ನನ್ನ ಗೆಳತಿ ಇಬ್ಬರೇ ಇದ್ದೆವು. ದೃಶ್ಯಗಳನ್ನು ಕರುಣೆಯಿಲ್ಲದೆ ಕತ್ತರಿಸುತ್ತಾಳೆಂದು ಅವಳಿಗೆ ಕತ್ತರಿ ಎಂದೇ ಹೆಸರು. ಊಟದ ನಂತರ ನಿನ್ನ ಮೈಕಿನಲ್ಲಿ ದಾಖಲಾದ ಸದ್ದನ್ನು ಹಾಕಿದೆವು. ಪಾತ್ರೆಗಳ ಸದ್ದು, ಉಗ್ರಾಣದ ಬಾಗಿಲು ಕಿರುಗುಟ್ಟಿದ್ದು, ಆಮೇಲೆ ನಿನ್ನ ದನಿ. ನೀನು ಚಿಕ್ಕಮ್ಮನಿಗೆ ಹೇಳುತ್ತಿದ್ದೆ:

“ಅವಳ ಓದು ಮುಗಿದ ಮಾರನೇ ದಿನವೇ ಹೊರಡ್ತೀನಿ. ಹೊಲಿಗೆ ಅಂಗಡಿ ಮೇಲಿನ ಕೋಣೆ ನೋಡಿಟ್ಟಿದ್ದೀನಿ. ಬೀಗದ ಕೈನೂ ಬಂದಾಯ್ತು.”

ಭಾವ ಅಂಥದ್ದೇನು ಮಾಡಿದರು ಎಂದು ಚಿಕ್ಕಮ್ಮ ಕೇಳಿದರು.

“ಏನೂ ಮಾಡಿಲ್ಲ ಕಣೇ. ಹೊಡೆದಿಲ್ಲ, ಬೈದಿಲ್ಲ. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ ಅಂತ ಇಪ್ಪತ್ತಾರು ವರ್ಷ ಕೇಳಿದ್ರು. ನೀನೆಲ್ಲಿದ್ದೀ ಅಂತ ಒಂದಿನ ಕೇಳಲಿಲ್ಲ. ಹೋದ ವರ್ಷವೇ ಹೋಗಬೇಕಿತ್ತು. ಇವಳು ಒಂದು ಪೇಪರಲ್ಲಿ ಫೇಲಾಗಿಬಿಟ್ಳು.”

ಕತ್ತರಿ ಯಂತ್ರ ನಿಲ್ಲಿಸಿದಳು. ನೀನು ಹೊರಡುತ್ತೀ ಎಂಬುದಕ್ಕಿಂತ ನೀನದನ್ನು ಹೇಳಿದ ರೀತಿಗೆ ದಂಗಾದೆ ಅಮ್ಮ. ಕಿಟಕಿ ಪರದೆ ಒಗೆಯೋಕೆ ಹಾಕಬೇಕು ಎನ್ನುವಷ್ಟು ಮಾಮೂಲಾಗಿ ಹೇಳಿದ್ದೆ.

ಹೋದ ವರ್ಷ ಫಲಿತಾಂಶ ಬಂದ ದಿನ ನೀನು, ಹೋಗ್ಲಿ ಬಿಡು, ಇನ್ನೊಂದ್ಸಲ ಬರಿ ಎಂದು ನನ್ನ ತಲೆ ಸವರಿದೆ. ಆಮೇಲೆ ಬಚ್ಚಲಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದೆ. ನೀನು ಬಟ್ಟೆ ಒಗೆಯುತ್ತಿದ್ದೀ ಎಂದು ನಾನು ಅಂದುಕೊಂಡಿದ್ದೆ. ಈಗ ಹೇಳುತ್ತೇನೆ, ಆ ಪರೀಕ್ಷೆಯ ಹೊತ್ತಿಗೆ ನನಗೆ ಜ್ವರ ಬಂದಿರಲಿಲ್ಲ. ಗೆಳತಿಯರ ಜೊತೆ ನಾಲ್ಕು ದಿನ ಸುತ್ತಾಡಲು ಹೋಗಿದ್ದೆ. ನನ್ನ ನಾಲ್ಕು ದಿನದ ಮೋಜು ನಿನಗೆ ಒಂದು ವರ್ಷವಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕತ್ತರಿ ಅದೇ ಹೊತ್ತಿನ ಚಿತ್ರವನ್ನೂ ಹುಡುಕಿ ಹಾಕಿದಳು, ಹಾಲ್‌ನ ಮೂಲೆಯಲ್ಲಿಟ್ಟಿದ್ದ ಎರಡನೇ ಕ್ಯಾಮೆರಾದ್ದು. ಖಾಲಿ ಬೀದಿಯನ್ನು ತೆಗೆಯಲು ನಾನು ಮಹಡಿಗೆ ಹೋಗುವಾಗ, ಸದ್ದು ನಿಂತುಹೋದರೆ ಕೂಗಿ ಎಂದು ಹೆಡ್‌ಫೋನನ್ನು ಅಪ್ಪನ ಕಿವಿಗೆ ಹಾಕಿ ಹೋಗಿದ್ದೆ. ನಿನ್ನ ಮೈಕಿನ ಸದ್ದೂ ಅದರಲ್ಲೇ ಬರುತ್ತಿತ್ತು. ಅಪ್ಪ ಕೂತಿದ್ದಾರೆ. ಮೊದಲು ನಗುತ್ತಿದ್ದಾರೆ. ಆಮೇಲೆ ನಗು ಹಾಗೇ ಮುಖದ ಮೇಲೆ ಉಳಿದುಬಿಟ್ಟಿದೆ, ಕಣ್ಣಲ್ಲಿಲ್ಲ. ಹೆಡ್‌ಫೋನ್ ತೆಗೆಯಲಿಲ್ಲ. ಕೊನೆಯ ಮಾತಿನವರೆಗೂ ಕೇಳಿದರು. ನೀನೂ ಚಿಕ್ಕಮ್ಮನೂ ಉಗ್ರಾಣದಿಂದ, ನಾನು ಮಹಡಿಯಿಂದ ಬಂದ ಮೇಲೆ ಎದ್ದು, ಎಲ್ಲರ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಅಡುಗೆಮನೆಗೆ ಒಯ್ದರು. ನೆನಪಿದೆಯಾ? ಕ್ಯಾಮೆರಾ ಇದೆ ಅಂತ ನಾಟಕ ಎಂದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀನೂ ನಕ್ಕೆ.

ಇದೇ ನಿನ್ನ ಚಿತ್ರ ಕಣೇ, ಉಳಿದದ್ದೆಲ್ಲ ಬರೀ ಊಟ ಎಂದಳು ಕತ್ತರಿ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ನಿನ್ನೆ ಅವಳೇ ಬಂದು ಪಕ್ಕದಲ್ಲಿ ಕೂತಳು. ಆ ಸದ್ದನ್ನು ಇಬ್ಬರೂ ಸೇರಿ ಅಳಿಸಿದೆವು. ತಟ್ಟೆ ಎತ್ತುವ ಅಪ್ಪನನ್ನು ಮಾತ್ರ ಉಳಿಸಿಕೊಂಡೆ. ಅದನ್ನು ನೋಡಿದ ಮೇಷ್ಟ್ರು, ನಿಮ್ಮಪ್ಪ ಒಳ್ಳೇ ತಮಾಷೆ ಮನುಷ್ಯ ಅಂದರು. ಹೌದು ಸಾರ್ ಅಂದೆ.

ಹೋಗಬೇಡ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಹೋಗು ಎಂದೂ ಬರೆಯಲಾರೆ. ಅವರು ಕೇಳಿಸಿಕೊಂಡಿದ್ದಾರೆ ಎಂಬುದು ನಿನಗೆ ಗೊತ್ತಿರಲಿ, ಅಷ್ಟೇ. ಕಾಗದ ಓದಿ ಹರಿದುಹಾಕು.

ನಿನ್ನ,
ಗುಬ್ಬಿ

ತಾ.ಕ.: ಮಂಗಳವಾರ ಅಪ್ಪ ಫೋನ್ ಮಾಡಿದ್ದರು. ಅವರಾಗಿಯೇ ಮಾಡಿದ್ದು ಇದೇ ಮೊದಲು. “ಇನ್ನೂ ಒಂದು ವರ್ಷ ಏನಾದ್ರೂ ಓದೋದಿದ್ರೆ ಓದು ಮಗಳೇ, ಅವಸರ ಏನಿಲ್ಲ” ಅಂದರು. ಯಾಕೆ ಎಂದು ನಾನು ಕೇಳಲಿಲ್ಲ. ಚಿತ್ರವನ್ನು ಇವತ್ತು ಬೆಳಿಗ್ಗೆ ಒಪ್ಪಿಸಿದೆ. ನನ್ನ ಓದು ಮುಗಿಯಿತು.