ಮುಖಪುಟದಲ್ಲಿ ಹೆಸರಿಲ್ಲದ ಅಕ್ಕನಿಗೆ

ಅಕ್ಕಾ,

ಎಲ್ಲಿಂದ ಶುರು ಮಾಡಲಿ, ತಲೆಬುಡ ಗೊತ್ತಾಗುತ್ತಿಲ್ಲ. ನಿಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವತ್ತು ಮನೆಯವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಕಾಗದವಾದರೆ ತಲುಪಿಸುತ್ತೇನೆ ಎಂದಿದ್ದಾರೆ ನರ್ಸಮ್ಮ. ಭೂಕಂಪದ ಮರುದಿನ, ಕುಸಿದ ಕಟ್ಟಡದೊಳಗಿಂದ ನಿಮ್ಮನ್ನು ಎತ್ತಿ ತಂದಾಗ ಹೆಸರು ಕೇಳಿದೆನಲ್ಲ, ಆ ಪತ್ರಿಕೆಯವಳು ನಾನು. ನೀವು ಹೆಸರು ಹೇಳಲಿಲ್ಲ. "ಗ್ಯಾಸ್ ಆಫ್ ಮಾಡಿದ್ನಾ ನೋಡಮ್ಮ, ಹಾಲಿಟ್ಟಿದ್ದೆ" ಅಂದಿರಿ. ಮಹಡಿಗಳೆಲ್ಲ ನೆಲಸಮವಾಗಿದ್ದವು. ನಾನೋ, ಪೆದ್ದಿಯ ಹಾಗೆ "ಮಾಡಿದೀರ ಅಕ್ಕ" ಎಂದುಬಿಟ್ಟೆ. ಅಷ್ಟರಲ್ಲಿ ಆಂಬುಲೆನ್ಸ್ ಹೊರಟಿತು.

ಹೆಸರಿಲ್ಲದ ಮುಖವನ್ನು ಮುಖಪುಟಕ್ಕೆ ಹಾಕಬಾರದು ಎಂಬುದು ನಮ್ಮ ಆಫೀಸಿನ ಕಟ್ಟಳೆ. ಆದರೆ ನಮ್ಮ ಫೋಟೋಗ್ರಾಫರ್ ಕ್ಲಿಕ್ಕಣ್ಣ ತೆಗೆದ ಚಿತ್ರ ನೋಡಿ, ಸದಾ ಗೊಣಗುವ ನಮ್ಮ ಸಂಪಾದಕರೇ "ಹಾಕು" ಎಂದುಬಿಟ್ಟರು. ಮುಖವೆಲ್ಲ ಸಿಮೆಂಟ್ ದೂಳು, ಕಣ್ಣುಗಳು ಮಾತ್ರ ತೆರೆದಿದ್ದವು. ಕೆಳಗೆ "ಬದುಕಿ ಬಂದವಳು" ಎಂದಷ್ಟೇ ಹಾಕಿದೆವು.

ಪತ್ರಿಕೆ ಹೊರಬಿದ್ದ ಬೆಳಿಗ್ಗೆ ಇಬ್ಬರು ಓಡಿಬಂದರು. ಒಬ್ಬರು ನಿಮ್ಮ ಯಜಮಾನರು. ಇನ್ನೊಬ್ಬರು ವಯಸ್ಸಾದ ಟೈಲರ್. "ನನ್ನ ಮಗಳು ಕಣಮ್ಮ, ಹುಬ್ಬು ನೋಡು, ನಂದೇ" ಎಂದು ಚಿತ್ರದ ಮೇಲೆ ಬೆರಳಿಟ್ಟರು. ಇಬ್ಬರೂ ಆಣೆ ಮಾಡಿದರು. ದೂಳು ಮೆತ್ತಿದ ಮುಖ ಯಾರದ್ದಾದರೂ ಆಗಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ಜಗಳವಾಗುತ್ತದೇನೋ ಎಂದು ಹೆದರಿದ್ದೆ. ನೋಡಿದರೆ ಟೈಲರಪ್ಪ ಜೇಬಿನಿಂದ ಸೂಜಿ ತೆಗೆದು, ಕೂತಲ್ಲೇ ನಿಮ್ಮ ಯಜಮಾನರ ಅಂಗಿಯ ಹರಿದ ತೋಳು ಹೊಲಿದುಕೊಡುತ್ತಿದ್ದರು!

ಕ್ಲಿಕ್ಕಣ್ಣ ಆಸ್ಪತ್ರೆಗಳನ್ನೆಲ್ಲ ಜಾಲಾಡಿ ನಿಮ್ಮನ್ನು ಹುಡುಕಿದ. ನಿನ್ನೆ ಇಬ್ಬರನ್ನೂ ಬಾಗಿಲವರೆಗೆ ಕರೆತಂದೆವು. ನೀವು ಯಜಮಾನರನ್ನು ನೋಡಿ "ಬಂದ್ರಾ?" ಅಂದಿರಿ. ಅಷ್ಟೇ. ಟೈಲರಪ್ಪ ನಿಮ್ಮ ಯಜಮಾನರ ಕೈ ಹಿಡಿದು, "ನಿಮಗೆ ಸಿಕ್ಕಿದ್ರಲ್ಲ, ಒಳ್ಳೇದಾಯ್ತು" ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ನನ್ನ ಪೇಚು ಕೇಳಿ. ದೂರದೂರಿನ ನಿಮ್ಮ ತಮ್ಮನಿಗೆ ಫೋನ್ ಸಿಗುತ್ತಿಲ್ಲ, ಹೆಸರು ಹಾಕಿದರೆ ಅಕ್ಕ ಬದುಕಿದ್ದಾಳೆಂದು ಓದಿಯಾದರೂ ತಿಳಿಯುತ್ತಾನೆ ಎಂದು ಯಜಮಾನರು ಕೇಳುತ್ತಿದ್ದಾರೆ. ನ್ಯಾಯವೇ. ಆದರೆ ಟೈಲರಪ್ಪ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಹೆಸರು ಹಾಕ್ಬೇಡಮ್ಮ. ಆ ಚಿತ್ರ ಮಗಳದ್ದಲ್ಲ ಅಂತ ಮನೇಲಿ ನನ್ನ ಹೆಂಡ್ತಿಗೆ ಇನ್ನೂ ಹೇಳಿಲ್ಲ. ಆ ಪೇಪರ್ ದಿಂಬಿನ ಹತ್ರ ಇಟ್ಕೊಂಡಿದಾಳೆ. ಅದನ್ನ ನೋಡ್ಕೊಂಡೇ ಎರಡು ತುತ್ತು ತಿಂತಾಳೆ" ಎಂದರು.

ನಿಮ್ಮ ಹೆಸರು ಅಚ್ಚಾದರೆ ಆ ತಾಯಿಯ ಮಗಳು ಇಲ್ಲವಾಗುತ್ತಾಳೆ. ಅಚ್ಚಾಗದಿದ್ದರೆ ನಿಮ್ಮ ತಮ್ಮ ನಿಮಗಾಗಿ ಅಳುತ್ತಲೇ ಇರುತ್ತಾನೆ. ಇಷ್ಟು ವರ್ಷ ನಿಜ ಬರೆಯುವುದು ಸುಲಭ ಎಂದುಕೊಂಡಿದ್ದೆ, ಇವತ್ತು ಕೈ ಓಡುತ್ತಿಲ್ಲ. ಸಂಪಾದಕರನ್ನು ಕೇಳಿದೆ. "ಇದರಲ್ಲಿ ಯೋಚಿಸೋದೇನಿದೆ, ಹಾಕು" ಎಂದು ರೇಗಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ಹೆಸರು ಆಯಮ್ಮಂದು. ಆಯಮ್ಮನ್ನೇ ಕೇಳು" ಎಂದರು. ಅದಕ್ಕೇ ಈ ಕಾಗದ. ಇವತ್ತಿನ ಪುಟ ಅಚ್ಚಿಗೆ ಹೋಗುವ ಮೊದಲು ನರ್ಸಮ್ಮನ ಕೈಲಿ ಒಂದು ಮಾತು ಹೇಳಿ ಕಳಿಸಿ. ಏನೇ ಹೇಳಿದರೂ ನಿಮ್ಮ ತಪ್ಪಲ್ಲ.

ಕಾಗದದ ಜೊತೆ ಒಂದು ಶಾಲು ಇದೆ. ಆಸ್ಪತ್ರೆಯಲ್ಲಿ ಮಗಳಿಗೆ ಚಳಿಯಾಗುತ್ತದೆಂದು ಆ ತಾಯಿ ಕಳಿಸಿದ್ದು. "ಅವರಿಗೇ ಕೊಟ್ಬಿಡಮ್ಮ. ಇದನ್ನ ಮನೆಗೆ ವಾಪಸ್ ತಗೊಂಡು ಹೋಗೋಕಾಗಲ್ಲ" ಎಂದು ಟೈಲರಪ್ಪ ಈಗಷ್ಟೇ ನನ್ನ ಕೈಗಿಟ್ಟರು. ಆಮೇಲೆ, ಶವಾಗಾರಕ್ಕೆ ದಾರಿ ಯಾವ ಕಡೆ ಎಂದು ಕೇಳಿದರು.

ಹೊದ್ದುಕೊಳ್ಳಿ ಅಕ್ಕಾ. ಬೇಗ ಗುಣವಾಗಿ, ನೂರು ಕಾಲ ಬಾಳಿ.

ಬಾಗಿಲಾಚೆ ಕಾಯುತ್ತಿರುವ,
ಪತ್ರಿಕೆಯವಳು