ಒಂದೇ ಥರ ಕಾಣುವ ಕಾಳುಗಳನ್ನು ಸುಡುವ ಮುನ್ನ

ಬೀಜ ಭಂಡಾರದ ಮಹಾನಿರ್ದೇಶಕರಿಗೆ,

ಮಾನ್ಯರೇ, ತಾವು ಸುಡಿಸಿದ ಗೋಧಿ ಬದುಕಿದೆ. ನನ್ನ ಅಕ್ಕನ ಮರಗೆಲಸದ ಕಾರ್ಖಾನೆಯ ಹಿಂದೆ, ಹಳೆಯ ಕಿಟಕಿ ಚೌಕಟ್ಟುಗಳ ರಾಶಿಗೂ ಕಾಂಪೌಂಡ್ ಗೋಡೆಗೂ ನಡುವಿನ ಜಾಗದಲ್ಲಿ, ಮೊಣಕಾಲು ಮೀರಿ ಬೆಳೆದು ನಿಂತಿದೆ. ಬಿತ್ತಿದವಳು ನಾನೇ. "ಇಲಾಖೆಯ ಸ್ವತ್ತನ್ನು ಅನುಮತಿಯಿಲ್ಲದೆ ಮೊಳೆಯಿಸಿದ ಆರೋಪಕ್ಕೆ ನಿಮ್ಮ ಉತ್ತರವೇನು?" ಎಂದು ತಮ್ಮ ಕಚೇರಿ ನನಗೆ ನೋಟಿಸ್ ಕಳಿಸಿದೆ. ಬೀಜ ಮೊಳೆಯುವುದೇ ಅಪರಾಧವಾಗಿರುವ ಬೀಜ ಭಂಡಾರ ಲೋಕದಲ್ಲಿ ಇನ್ನೆಲ್ಲಾದರೂ ಇದೆಯೋ ಇಲ್ಲವೋ ನಾನರಿಯೆ. ನನ್ನ ಉತ್ತರ ಒಂದೇ ಪದ: ಹೌದು. ಆ ಒಂದು ಪದ ತಮ್ಮ ಕಡತದೊಳಗೆ ಉಸಿರುಗಟ್ಟಿ ಸತ್ತೀತೆಂದು ಉಳಿದದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಮ್ಮ ಭಂಡಾರದ ಚಿತ್ರ ವಿಭಾಗದವಳು. ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಸ್ಕ್ಯಾನರ್, ಒಂದು ಕಂಪ್ಯೂಟರ್ ಮತ್ತು ಕೂತರೆ ಗೊಣಗುವ ಒಂದು ಕುರ್ಚಿ. ಗೋಧಿ ಕಾಳುಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಒಂದಕ್ಕೊಂದು ತಾಗದಂತೆ ಚಿಮಟದಿಂದ ಬಿಡಿಸಿಟ್ಟು, ಮೇಲೆ ನೀಲಿ ಹಾಳೆ ಮುಚ್ಚಿ ಚಿತ್ರ ತೆಗೆಯುವುದು ನನ್ನ ಕೆಲಸ. ನೀಲಿಯ ಮೇಲೆ ಕಂದು ಕಾಳು ಎದ್ದು ಕಾಣುತ್ತದೆ. ನಾನು ಬರೆದ ಪ್ರೋಗ್ರಾಂ ಪ್ರತಿ ಕಾಳಿನ ಅಂಚನ್ನು ಗುರುತಿಸಿ ಉದ್ದ, ಅಗಲ, ದುಂಡುತನ, ಬಣ್ಣದ ಛಾಯೆಗಳನ್ನು ಅಳೆಯುತ್ತದೆ. ನಮ್ಮ ಕಣ್ಣು ಊಟದ ಹೊತ್ತಿಗೆಲ್ಲ ದಣಿಯುತ್ತದೆ, ಅದು ದಣಿಯುವುದಿಲ್ಲ. ಶುರುವಿನಲ್ಲಿ ಗಾಜಿನ ಮೇಲೆ ಸತ್ತುಬಿದ್ದಿದ್ದ ಇರುವೆಯೊಂದನ್ನೂ ಕಪ್ಪು ಛಾಯೆಯ ಸಣ್ಣ ಕಾಳು ಎಂದು ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಅದನ್ನು ತಿದ್ದಿದೆ. ಈಗ ಅದು ನಂಬಿಕಸ್ತ ಕೆಲಸಗಾರ. ನನಗೆ ಅದರ ಮೇಲೆ ಅಭಿಮಾನವಿದೆ. ಈ ಪತ್ರ ಓದಿ ಯಾರೂ ನನ್ನನ್ನು ಯಂತ್ರ ಕಂಡರಾಗದವಳು ಎಂದು ತಿಳಿಯಬಾರದು.

ತಾವು ಒಮ್ಮೆ ನನ್ನ ಕೋಣೆಗೆ ಬಂದಿದ್ದಿರಿ. ತಲೆ ತಗ್ಗಿಸಿ ಒಳಗೆ ಬಂದು, ಪರದೆಯ ಮೇಲೆ ಕಾಳುಗಳ ಸುತ್ತ ಹಸಿರು ಗೆರೆ ಮೂಡುವುದನ್ನು ಕಂಡು ತುಂಬ ಸಂತೋಷಪಟ್ಟಿರಿ.

"ಒಂದೇ ಥರ ಇರೋ ಕಾಳುಗಳನ್ನೆಲ್ಲ ಇದು ಕಂಡುಹಿಡಿಯುತ್ತಾ?" ಎಂದು ಕೇಳಿದಿರಿ.

"ಹಿಡಿಯುತ್ತೆ ಸರ್. ಆದ್ರೆ ಒಂದೇ ಥರ ಕಾಣೋದು ಬೇರೆ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಾವು ಹೊರಗಿದ್ದಿರಿ. ಜೊತೆಗಿದ್ದ ಅಧಿಕಾರಿಗಳು ತಮ್ಮ ಹಿಂದೆಯೇ ಹೊರಟರು. ನನ್ನ ಮಾತಿನ ಉಳಿದರ್ಧವನ್ನು ಕೇಳಿಸಿಕೊಂಡದ್ದು ಆ ಗೊಣಗುವ ಕುರ್ಚಿ ಮಾತ್ರ.

ಆಮೇಲೆ ತಮ್ಮ ಆಜ್ಞೆ ಬಂತು. ಶೀತಲ ಕೊಠಡಿಯಲ್ಲಿ ಜಾಗ ಸಾಲದು. ಆದ್ದರಿಂದ ಚಿತ್ರದಲ್ಲಿ ಒಂದೇ ಥರ ಕಾಣುವ ಗೋಧಿ ತಳಿಗಳ ಪ್ರತಿ ಗುಂಪಿನಿಂದ ಒಂದು ಪೊಟ್ಟಣ ಉಳಿಸಿಕೊಂಡು, ಮಿಕ್ಕವನ್ನು ನಕಲು ಎಂದು ಪರಿಗಣಿಸಿ ಸುಡತಕ್ಕದ್ದು. ಎಂಥ ಅಚ್ಚುಕಟ್ಟು! ಗಾಜಿನ ಮೇಲೆ ಮಲಗಿದ ಕಾಳು ತನ್ನ ಉದ್ದಗಲ ಹೇಳುತ್ತದೆ. ಯಾವ ಮಣ್ಣಿನಲ್ಲಿ ಬೇರು ಬಿಡುತ್ತದೆ, ಯಾವ ರೋಗಕ್ಕೆ ಜಗ್ಗುವುದಿಲ್ಲ ಎಂಬುದನ್ನು ಹೇಳುತ್ತದೆಯೇ? ತಮ್ಮ ಭಾವಚಿತ್ರ ನೋಡಿ ತಮ್ಮ ರಕ್ತದ ಗುಂಪು ಹೇಳುತ್ತೇನೆನ್ನುವ ವೈದ್ಯರ ಹತ್ತಿರ ತಾವು ಚಿಕಿತ್ಸೆಗೆ ಹೋಗುತ್ತೀರಾ?

ಇದನ್ನೇ ನಾನು ಸಮಿತಿಯ ಸಭೆಯಲ್ಲಿ ಕೇಳಿದೆ. ತಮ್ಮ ಉಪನಿರ್ದೇಶಕರು ಕನ್ನಡಕ ಒರೆಸಿಕೊಳ್ಳುತ್ತ ನಕ್ಕರು. "ಅಲ್ಲಮ್ಮಾ, ನೀವೇ ಮಾಡಿದ್ದನ್ನ ನೀವೇ ನಂಬಲ್ಲ ಅಂದ್ರೆ ಹೇಗೆ?"

"ನಂಬ್ತೀನಿ ಸರ್. ಅದಕ್ಕೆ ಏನು ಗೊತ್ತಿಲ್ಲ ಅನ್ನೋದೂ ನನಗೆ ಗೊತ್ತು. ಸುಡೋ ಮೊದಲು ಒಂದು ಸಲ ಬಿತ್ತಿ ನೋಡೋಣ."

"ಅಷ್ಟಕ್ಕೆಲ್ಲ ಪುರುಸೊತ್ತೆಲ್ಲಿದೆ?" ಎಂದರು. ಸಭೆ ಮುಗಿಯಿತು. ಸಸ್ಯರೋಗ ವಿಭಾಗದ ಮುಖ್ಯಸ್ಥೆ ಕೂಡ ನನ್ನ ಮುಖ ನೋಡದೆ ಸುಡುವ ಪಟ್ಟಿಗೆ ಸಹಿ ಹಾಕಿ ಎದ್ದರು. ಭಂಡಾರದಲ್ಲಿ ಎಲ್ಲರೂ ಅವರನ್ನು ಬೂಷ್ಟು ಮೇಡಂ ಎನ್ನುತ್ತಾರೆ. ಅವರಿಗೂ ಅದು ಗೊತ್ತು, ಬೇಸರವಿಲ್ಲ.

ಮೊದಲ ಕಂತಿನ ಪೊಟ್ಟಣಗಳನ್ನು ತಳ್ಳುಗಾಡಿಯಲ್ಲಿ ಹೇರಿ ಬಾಯ್ಲರ್ ಕೋಣೆಗೆ ಒಯ್ದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಹುರಿದ ಗೋಧಿಯ ಘಮ ಇಡೀ ಕಟ್ಟಡ ತುಂಬಿತು. ಕಾರಿಡಾರಿನಲ್ಲಿ ಯಾರೋ, "ಏನು ಘಮಘಮ ಅಂತಿದೆ, ಇವತ್ತು ಕ್ಯಾಂಟೀನಲ್ಲಿ ಏನು ವಿಶೇಷ?" ಎಂದು ಕೇಳಿಕೊಂಡು ಹೋದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆದರೆ ತಾವು ಒಂದು ಸಂಗತಿ ಮರೆತಿದ್ದಿರಿ. ಚಿತ್ರ ತೆಗೆಯಲೆಂದು ಪ್ರತಿ ಪೊಟ್ಟಣದಿಂದ ಒಂದು ಚಿಟಿಕೆ ಕಾಳು ನನ್ನ ಕೋಣೆಗೆ ಬರುತ್ತದೆ. ಮೊದಮೊದಲು ಅವನ್ನು ಪೊಟ್ಟಣಕ್ಕೇ ವಾಪಸು ಹಾಕುತ್ತಿದ್ದೆವು. ಆಮೇಲಾಮೇಲೆ, ಚಿತ್ರವನ್ನು ಮತ್ತೆ ತೆಗೆಯಬೇಕಾದರೆ ಇರಲಿ ಎಂದು ಸಣ್ಣ ಡಬ್ಬಿಗಳಲ್ಲಿ ಹಾಕಿ ನಾನೇ ಇಟ್ಟುಕೊಳ್ಳುತ್ತಿದ್ದೆ. ಆಜ್ಞೆ ಪೊಟ್ಟಣಗಳ ಬಗ್ಗೆ ಇತ್ತು. ಡಬ್ಬಿಗಳ ಸುದ್ದಿ ಎತ್ತಿರಲಿಲ್ಲ. ಸುಟ್ಟ ತಳಿಗಳ ಡಬ್ಬಿಗಳನ್ನೂ, ಅವುಗಳ ಬದಲಿಗೆ ತಾವು ಉಳಿಸಿಕೊಂಡ ತಳಿಗಳ ಡಬ್ಬಿಗಳನ್ನೂ ಊಟದ ಚೀಲಕ್ಕೆ ತುಂಬಿಕೊಂಡು ನೆಟ್ಟಗೆ ಅಕ್ಕನ ಕಾರ್ಖಾನೆಗೆ ಹೋದೆ.

ಅಕ್ಕ ಬಾಗಿಲ ಹಲಗೆಗೆ ಉಜ್ಜುಕಾಗದ ತಿಕ್ಕುತ್ತಿದ್ದಳು. ಮೈಯೆಲ್ಲ ಮರದ ಪುಡಿ.

"ಹಿಂದಿನ ಜಾಗ ನನಗೆ ಬೇಕು. ಗೋಧಿ ಹಾಕ್ಬೇಕು," ಎಂದೆ.

"ಕದ್ದಿದ್ದಾ?"

"ಸುಟ್ಟುಹಾಕಿ ಅಂತ ಆರ್ಡರ್ ಆಗಿದ್ದು."

ಅವಳು ಉಜ್ಜುಕಾಗದ ಕೆಳಗಿಟ್ಟಳು. "ಕೆಲ್ಸ ಹೋದ್ರೆ ಇಲ್ಲಿಗೆ ಬಂದು ಪಾಲಿಶ್ ಹೊಡೀತೀಯಾ?"

"ಹೊಡೀತೀನಿ."

"ನಿನ್ನ ಕೈಯಲ್ಲಾಗಲ್ಲ, ಬಿಡು. ಗುದ್ದಲಿ ಒಳಗಿದೆ, ತಗೋ." ಭಾವ ಆಗಲೇ ಚೌಕಟ್ಟುಗಳನ್ನು ಪಕ್ಕಕ್ಕೆ ಸರಿಸಲು ಶುರುಮಾಡಿದ್ದರು. "ನಮ್ಮ ಮನೇಲಿ ಸರ್ಕಾರಕ್ಕೆ ಹೆದರದೋರು ನೀನೇ ಮೊದಲು. ಕಾಲಿಗೆ ಮೊಳೆ ಚುಚ್ಚಿಸ್ಕೋಬೇಡ," ಎಂದರು.

ಸಾಲು ಸಾಲಾಗಿ ಬಿತ್ತಿದೆ. ಚಿತ್ರದಲ್ಲಿ ಒಂದೇ ಥರ ಕಂಡ ಜೋಡಿಗಳನ್ನು ಅಕ್ಕಪಕ್ಕದ ಸಾಲಿಗೆ ಹಾಕಿದೆ. ಕೆಲವು ಮೊಳೆಯಲೇ ಇಲ್ಲ. ಉಳಿದವು ಎದ್ದವು. ಎದ್ದದ್ದೇ ತಡ, ತಮ್ಮ ಆಜ್ಞೆಯನ್ನು ಸುಳ್ಳು ಮಾಡಲು ಹೊರಟವು! ಒಂದು ಸಾಲು ನೆಟ್ಟಗೆ ನಿಂತರೆ ಅದರ "ನಕಲು" ನೆಲಕ್ಕೆ ಹರಡಿಕೊಂಡಿತು. ಒಂದು ತೆನೆ ಬಿಟ್ಟಾಗ ಪಕ್ಕದ್ದು ಇನ್ನೂ ಹುಲ್ಲಿನಂತಿತ್ತು. ನಾನು ಎಲೆಗಳ ಹಿಂದೆ ಬಿಳಿ ರಟ್ಟು ಹಿಡಿದು, ಬಿಸಿಲು ಮೋಡಗಳ ಬೆಳಕು ಮೋಸ ಮಾಡದಂತೆ ಪಕ್ಕದಲ್ಲೊಂದು ಬಣ್ಣದ ಪಟ್ಟಿಯಿಟ್ಟು ಚಿತ್ರ ತೆಗೆಯುತ್ತ ಹೋದೆ. ರಟ್ಟು ಹಿಡಿಯುವ ಕೆಲಸ ಭಾವನದು. ರಟ್ಟು ಅಲುಗಿದರೆ ಬೈಸಿಕೊಳ್ಳುವವರೂ ಅವರೇ.

ಆಮೇಲೆ ತುಕ್ಕು ರೋಗ ಬಂತು. ಎಲೆಯ ಮೇಲೆ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಹತ್ತುವಂಥದ್ದು. ತಾವು ಉಳಿಸಿಕೊಂಡ ಒಂದು ತಳಿಯ ಎಲೆಗಳು ನೋಡನೋಡುತ್ತಲೇ ತುಕ್ಕಿಗೆ ತುತ್ತಾದವು. ಅದರ ಪಕ್ಕದಲ್ಲೇ, ಎಲೆಗೆ ಎಲೆ ತಾಗುವಷ್ಟು ಹತ್ತಿರದಲ್ಲಿ, ತಾವು ಸುಡಿಸಿದ ತಳಿ ಹಚ್ಚಹಸಿರಾಗಿ ನಿಂತಿತ್ತು. ಅದೇ ಪ್ರೋಗ್ರಾಮಿಗೆ ಈ ಸಲ ಎಲೆಯಲ್ಲಿ ಹಸಿರೆಷ್ಟು, ಕಿತ್ತಳೆಯೆಷ್ಟು ಎಂದು ಅಳೆಯಲು ಕಲಿಸಿದೆ. ಒಂದರಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆ ಕಿತ್ತಳೆ. ಇನ್ನೊಂದರಲ್ಲಿ ಹುಡುಕಿದರೂ ಸಿಗದು. ಚಿತ್ರ ನೋಡಿ ಸುಡಿ ಎಂದ ತಮಗೆ ಇದೂ ಚಿತ್ರವೇ. ಇದನ್ನೇಕೆ ನೋಡಬಾರದು?

ಬೂಷ್ಟು ಮೇಡಂ ಅವರನ್ನು ಕರೆದೆ. ಬರುವುದಿಲ್ಲ ಎಂದುಕೊಂಡಿದ್ದೆ; ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಣ್ಣಲ್ಲೇ ಕುಕ್ಕರುಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ಎಲೆಎಲೆಯನ್ನೂ ಮಗುಚಿ ನೋಡಿದರು.

"ಇದರ ಪೊಟ್ಟಣ ಎಲ್ಲಿದೆ?" ಎಂದು ಕೊನೆಗೆ ಕೇಳಿದರು.

"ಬಾಯ್ಲರಿಗೆ ಹೋಯ್ತು ಮೇಡಂ. ಭಂಡಾರದಲ್ಲಿ ಒಂದು ಕಾಳೂ ಇಲ್ಲ. ಇಷ್ಟೇ ಇರೋದು."

ಅವರು ಎದ್ದು ಕೈಯ ಮಣ್ಣು ಕೊಡವಿಕೊಂಡರು. "ಇಂಥದ್ದು ಸಿಗುತ್ತಾ ಅಂತ ನನ್ನ ಅರ್ಧ ಆಯಸ್ಸು ಹುಡುಕಿದ್ದೀನಿ ಕಣೇ," ಎಂದರು. ಮರುದಿನವೇ ಅವರು ಅಂದು ಹಾಕಿದ್ದ ಸಹಿ ಹಿಂತೆಗೆದುಕೊಂಡು ವರದಿ ಕೊಟ್ಟದ್ದು ತಮಗೆ ತಲುಪಿದೆ. ತಲುಪಿದ್ದರಿಂದಲೇ ಅಲ್ಲವೇ ನನಗೆ ನೋಟಿಸ್ ಬಂದದ್ದು, ನನ್ನ ಕೋಣೆಗೆ ಬೀಗ ಬಿದ್ದದ್ದು? ರೋಗ ತಡೆಯುವ ಗೋಧಿ ಸಿಕ್ಕಿತೆಂದಾಗ ಬೀಜ ಭಂಡಾರ ಮಾಡಿದ ಮೊದಲ ಕೆಲಸ, ಅದನ್ನು ಹುಡುಕಿದವಳಿಗೆ ಬೀಗ ಹಾಕಿದ್ದು. ತಮ್ಮ ದಕ್ಷತೆಗೆ ಕೈ ಮುಗಿಯುತ್ತೇನೆ.

ಮೊದಮೊದಲು ಚಿತ್ರ ತೆಗೆದ ತಳಿಗಳ ಕಾಳು ನನ್ನ ಡಬ್ಬಿಗಳಲ್ಲಿ ಇರಲಿಲ್ಲ. ಅವು ಪೊಟ್ಟಣದ ಸಮೇತ ಬೂದಿಯಾದವು. ಅವುಗಳಲ್ಲಿ ಯಾವುದು ಏನನ್ನು ತಡೆಯುತ್ತಿತ್ತು, ಯಾವುದು ಎಂಥ ನೆಲದಲ್ಲಿ ಬದುಕುತ್ತಿತ್ತು? ಇನ್ನು ಯಾರಿಗೂ ತಿಳಿಯುವುದಿಲ್ಲ. ಚಿತ್ರಗಳು ಮಾತ್ರ ನನ್ನ ಹತ್ತಿರ ಇವೆ. ತುಂಬ ಸ್ಪಷ್ಟವಾದ, ಸುಂದರವಾದ ಚಿತ್ರಗಳು. ಬೇಕಾದರೆ ಕಟ್ಟು ಹಾಕಿಸಿ ತಮ್ಮ ಕೋಣೆಯ ಗೋಡೆಗೆ ತೂಗುಹಾಕಿಕೊಳ್ಳಿ. ಬಿತ್ತಲು ಬರುವುದಿಲ್ಲ.

ಎರಡನೇ ಕಂತಿನ ಪೊಟ್ಟಣಗಳು ಬಾಯ್ಲರ್ ಕೋಣೆಯ ಪಕ್ಕದಲ್ಲಿ ಹೇರಿಟ್ಟ ಹಾಗೇ ಇವೆ ಎಂದು ಕೇಳಿದೆ. ಅವನ್ನು ಇಂದೇ ಶೀತಲ ಕೊಠಡಿಗೆ ಹಿಂದಿರುಗಿಸಿ. ಬಿತ್ತಿ, ಬೆಳೆಸಿ, ಕಣ್ಣಾರೆ ನೋಡದೆ ಯಾವ ತಳಿಯನ್ನೂ ನಕಲು ಎನ್ನಕೂಡದು ಎಂದು ಆಜ್ಞೆ ತಿದ್ದಿ. ಜಾಗ ಸಾಲದಿದ್ದರೆ ಮೆಟ್ಟಿಲ ಕೆಳಗಿನ ನನ್ನ ಕೋಣೆ ಖಾಲಿಯಿದೆ, ಬೀಗದ ಕೈಯೂ ತಮ್ಮ ಬಳಿಯೇ ಇದೆ. ನನ್ನನ್ನು ಕೆಲಸದಿಂದ ತೆಗೆಯುವುದು ತಮ್ಮ ಚಿತ್ತ. ಕ್ಷಮೆಯನ್ನಂತೂ ನಾನು ಕೇಳುವುದಿಲ್ಲ. ಈ ಗೋಧಿಯನ್ನು ವಶಪಡಿಸಿಕೊಳ್ಳಲು ಜನ ಕಳಿಸುವುದಾದರೆ ಕಳಿಸಿ. ಅಕ್ಕ ಬಾಗಿಲಲ್ಲೇ ಇರುತ್ತಾಳೆ, ಕೈಯಲ್ಲಿ ಉಳಿಯೂ ಇರುತ್ತದೆ. ತೆನೆ ಬಲಿಯುತ್ತಿದೆ. ಕೊಯ್ದ ಮೇಲೆ ಬೂಷ್ಟು ಮೇಡಂ ಮತ್ತು ನಾನು ಆ ಕಾಳನ್ನು ಕೇಳಿದ ಭಂಡಾರಗಳಿಗೆಲ್ಲ, ಬೆಳೆಯುತ್ತೇವೆ ಎಂದವರಿಗೆಲ್ಲ ಹಂಚುತ್ತೇವೆ. ಆಮೇಲೆ ಯಾವ ಒಂದು ಬಾಯ್ಲರಿಗೂ ಅದು ಪೂರ್ತಿ ಸಿಗುವುದಿಲ್ಲ. ತಮಗೂ ಒಂದು ಹಿಡಿ ತೆಗೆದಿಡುತ್ತೇನೆ. ಬಂದು ತೆಗೆದುಕೊಂಡು ಹೋಗಿ.

ಇಂತಿ,
ಸದ್ಯಕ್ಕೆ ಕೋಣೆಯಿಲ್ಲದ, ಹಕ್ಕಿ ಓಡಿಸುವುದರಲ್ಲಿ ಗಂಟಲು ಕಟ್ಟಿಸಿಕೊಂಡಿರುವ,
ತಮ್ಮದೇ ಚಿತ್ರ ವಿಭಾಗದ ನೌಕರಳು